ಚಿತ್ರ ಹೋಗಿ ದನಿ ಬಂದದ್ದು

“ವಕೀಲಮ್ಮಾ, ನನ್ನ ತಮ್ಮನ್ನ ನಾನೇ ಹೊರಗೆ ಹಾಕಬೇಕಂತೆ. ಸಂಜೆಯೊಳಗೆ!”

ಬಾಗಿಲು ತೆರೆದ ನಾದಿನಿಯನ್ನು ದಾಟಿಕೊಂಡು ಬಂದ ಮೇಲ್ಮಹಡಿಯ ಟೀಚರ್, ಆಗಷ್ಟೇ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದ ಬಟ್ಟೆಯ ಮೇಲೆಯೇ ಕುಳಿತುಬಿಟ್ಟರು. ನಾದಿನಿಗೆ ಮೈ ಉರಿಯಿತು. ಆದರೆ ಟೀಚರ್ ಮುಖ ನೋಡಿ ಸುಮ್ಮನಾದಳು. ಸುದ್ದಿಮನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ಅವಳು. ನಿಜವಾದ ಸಂಕಟಕ್ಕೂ ತೋರಿಕೆಯ ಸಂಕಟಕ್ಕೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿತ್ತು.

ವಕೀಲಮ್ಮ ಅವಳ ಅತ್ತಿಗೆ, ಅಣ್ಣನ ಹೆಂಡತಿ. ಕ್ರಿಮಿನಲ್ ಮೊಕದ್ದಮೆಗಳಿಂದ ನಿವೃತ್ತರಾದ ಮೇಲೂ ಅವರಿಗೆ ಬಿಡುವು ಸಿಕ್ಕಿರಲಿಲ್ಲ. ಕಟ್ಟಡದಲ್ಲಿ ಏನು ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಮೊದಲು ತಟ್ಟುತ್ತಿದ್ದುದು ಈ ಕೆಳಮನೆಯ ಬಾಗಿಲನ್ನೇ.

“ಮೊದಲು ಆ ಬಟ್ಟೆಯಿಂದ ಏಳಿ, ನನ್ನ ನಾದಿನಿ ಕಣ್ಣಲ್ಲೇ ಸುಡ್ತಿದ್ದಾಳೆ,” ಎಂದರು ವಕೀಲಮ್ಮ. “ಆಮೇಲೆ ಮೊದಲಿಂದ ಹೇಳಿ.”

ಟೀಚರ್ ಹೇಳಿದರು. ಶಾಲೆಗಳು ಮೂಲೆಗೆ ತಳ್ಳಿದ ಹಳೇ ಕಂಪ್ಯೂಟರುಗಳಿಗೆ ಮತ್ತೆ ಜೀವ ಕೊಡಲೆಂದು ಅವರೂ ತಮ್ಮನೂ ಸೇರಿ ಒಂದು ಹೊಸ ಲಿನಕ್ಸ್ ಡಿಸ್ಟ್ರೋ ಕಟ್ಟಿದ್ದರು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಅದನ್ನು ಯಾರು ಬೇಕಾದರೂ ತೆಗೆದುಕೊಂಡು, ಬೇಕಾದ್ದು ಸೇರಿಸಿ, ಬೇಡದ್ದು ಬಿಟ್ಟು, ತಮ್ಮದೇ ಡಿಸ್ಟ್ರೋ ಮಾಡಿ ಹಂಚಬಹುದು. ಇವರದರ ಹೆಸರು ‘ಹಗುರ’.

“ಕಟ್ಟೋದು ಸುಲಭ ಆಯ್ತು. ಇಡೋಕೆ ಜಾಗ ಹುಡುಕೋದೇ ಪಡಿಪಾಟಲು. ಬಿಟ್ಟಿ ಜಾಗ ಕೊಟ್ಟ ವೆಬ್‌ಸೈಟಿನವರು, ಜನ ಜಾಸ್ತಿ ಇಳಿಸಿಕೊಳ್ತಿದ್ದಾರೆ ಅಂತ ಮುಚ್ಚಿಬಿಟ್ಟರು. ನಮ್ಮ ಮನೆ ಕಂಪ್ಯೂಟರಿಂದ ಕೊಡೋಣ ಅಂದರೆ ನಮ್ಮ ಲೈನು ಆಮೆಗಿಂತ ನಿಧಾನ. ಕೊನೆಗೆ ಗ್ರಂಥಾಲಯದವರು ಕೈ ಹಿಡಿದರು. ಅವರ ಸರ್ವರಿನಲ್ಲಿ ಇಡ್ತಾರೆ, ನೆಟ್ ಇಲ್ಲದವರಿಗೆ ಕೌಂಟರಿನಲ್ಲೇ ಸಿ.ಡಿ. ಮಾಡಿ ಕೊಡ್ತಾರೆ. ಒಂದೇ ಷರತ್ತು, ಎಲ್ಲ ಒಂದು ಸಿ.ಡಿ.ಯಲ್ಲಿ ಹಿಡಿಸಬೇಕು.”

“ಹಿಡಿಸಲಿಲ್ಲ.”

“ಇಲ್ಲ. ಒಂದು ಬಿಡಲೇಬೇಕಾಯ್ತು. ತೆರೆಯ ಮೇಲಿನ ಅಕ್ಷರನ ಗಟ್ಟಿಯಾಗಿ ಓದಿ ಹೇಳೋ ದನಿಯ ತಂತ್ರಾಂಶ ಇತ್ತು. ಅದು ಬಿಡಬೇಕು, ಇಲ್ಲ ನಮ್ಮ ತಂಡದ ಚಿತ್ರಗಾರರು ತೆರೆಗೆ ಅಂತ ಬರೆದ ಚಿತ್ರಗಳನ್ನ ಬಿಡಬೇಕು. ಪಾಪ, ಮಕ್ಕಳ ಪುಸ್ತಕಕ್ಕೆ ಬರೆಯೋರು, ನಮಗೆ ಅಂತ ವರ್ಷವಿಡೀ ಬಿಟ್ಟಿ ಬರೆದುಕೊಟ್ಟಿದ್ದಾರೆ. ಹೇಗೆ ಬಿಡಲಿ? ದನಿ ಬೇಕಾದವರು ಆಮೇಲೆ ನೆಟ್ಟಿಂದ ಇಳಿಸಿಕೊಳ್ಳಲಿ ಅಂದೆ. ತಮ್ಮ ಕುಣಿದಾಡಿದ. ದನಿ ತೆಗೆದರೆ ನಾನಿಲ್ಲ ಅಂತ ಕೂಗಾಡಿದ.”

“ಚಿತ್ರಗಾರರು?”

“ತುಟಿ ಪಿಟಕ್ ಅನ್ನಲಿಲ್ಲ. ತಮ್ಮ ಕೊನೆಗೆ ಒಪ್ಪಿ, ದನಿ ಬಿಟ್ಟು ಕಟ್ಟಿದ. ಈಗ ಗ್ರಂಥಾಲಯದಿಂದ ಇಳಿಸಿಕೊಂಡವರು ಬೈದು ಬರೆದಿದ್ದಾರೆ. ಫೈಲಿನ ಬೆರಳಚ್ಚೇ ಹೊಂದ್ತಿಲ್ಲ! ತೆರೆದು ನೋಡಿದರೆ ಚಿತ್ರ ಒಂದೂ ಇಲ್ಲ, ದನಿ ವಾಪಸ್ ಬಂದು ಕೂತಿದೆ. ಗ್ರಂಥಪಾಲಕರು ಕಡ್ಡಿ ಮುರಿದ ಹಾಗೆ ಹೇಳಿದರು, ಫೈಲ್ ತಿದ್ದಿದೋರು ತಂಡದಲ್ಲಿ ಇರಬಾರದು, ಇದ್ದರೆ ನಮ್ಮ ಸರ್ವರಿನಲ್ಲಿ ಹಗುರ ಇರಲ್ಲ. ಇನ್ನಾರು ಮಾಡ್ತಾರೆ ವಕೀಲಮ್ಮಾ, ಅವನಲ್ಲದೆ?”

“ಅವನು ಏನಂತಾನೆ?”

“ನಾನಲ್ಲ ಅಂದ. ಆಮೇಲೆ ನನ್ನ ಜೊತೆ ಮಾತೇ ನಿಲ್ಲಿಸಿದ.” ಟೀಚರ್ ಮೇಲೆ ಚಾವಣಿಯತ್ತ ಕೈ ತೋರಿದರು. “ಅಪ್ಪ ಅಮ್ಮ ಹೋದ ಮೇಲೆ ನಾನೇ ಬೆಳೆಸಿದ ಕೂಸು ಅದು.”

ಮೂವರೂ ಮೇಲಿನ ಕೋಣೆಗೆ ಹತ್ತಿದಾಗ ಆ ಕೂಸು, ಗಡ್ಡ ಬಿಟ್ಟ ಆರಡಿ ಆಳು, ಮೂರು ಕಂಪ್ಯೂಟರುಗಳ ನಡುವೆ ಮುಖ ಊದಿಸಿಕೊಂಡು ಕುಳಿತಿತ್ತು.

“ಈ ಬೆರಳಚ್ಚು ಅಂದರೇನಪ್ಪ?” ವಕೀಲಮ್ಮ ಕೇಳಿದರು.

“ಇಡೀ ಫೈಲನ್ನ ಲೆಕ್ಕಕ್ಕೆ ಹಾಕಿದರೆ ಅಕ್ಷರ, ಅಂಕೆಗಳ ಒಂದು ಸಾಲು ಬರುತ್ತೆ. ಒಳಗೆ ಒಂದು ಚುಕ್ಕೆ ಬದಲಾದರೂ ಸಾಲೇ ಬೇರೆ. ಕಟ್ಟಿ ಮುಗಿದ ತಕ್ಷಣ ಅದನ್ನ ನಮ್ಮ ಪುಟದಲ್ಲಿ ಹಾಕೋದು ನಾನೇ. ಇಳಿಸಿಕೊಂಡವರು ತಾಳೆ ನೋಡ್ಕೋತಾರೆ.”

“ನೀನು ಕಟ್ಟಿದ ಫೈಲು ಗ್ರಂಥಾಲಯಕ್ಕೆ ಹೋಗಿದ್ದು ಹೇಗೆ?”

“ನಮ್ಮ ಲೈನಿನಲ್ಲಿ ಕಳಿಸಿದರೆ ಮುಂದಿನ ಜನ್ಮಕ್ಕೆ ತಲುಪುತ್ತೆ. ಅದಕ್ಕೇ ಪೆನ್ ಡ್ರೈವ್‌ನಲ್ಲಿ ಹಾಕಿ ಚಿತ್ರಗಾರರ ಕೈಲಿ ಕೊಟ್ಟೆ, ಅವರ ಮನೆ ಆ ಕಡೆಗೆ. ಅವತ್ತು ಗ್ರಂಥಾಲಯಕ್ಕೆ ವಾರದ ರಜ. ಮಾರನೇ ದಿನ ತಲುಪಿಸಿದರು, ಗ್ರಂಥಪಾಲಕರೇ ಸರ್ವರಿಗೆ ಹಾಕಿಕೊಂಡರು. ತಿದ್ದಿದ್ದರೆ ಅವರೇ ತಿದ್ದಿರಬೇಕು, ಕೇಳಿ ಹೋಗಿ!”

“ಚಿತ್ರಗಾರರಲ್ಲ?”

“ಅವರಾ? ತಾವೇ ಬರೆದ ಚಿತ್ರನ ತಾವೇ ಅಳಿಸ್ತಾರಾ?” ತಮ್ಮ ಕಹಿಯಾಗಿ ನಕ್ಕ. “ತೆರೆ ಮೇಲೆ ಹಸಿರು ಸರಿ ಕಾಣ್ತಿಲ್ಲ, ಇನ್ನೊಂದು ಸಲ ಕಟ್ಟು ಅಂತ ನನ್ನ ಪ್ರಾಣ ತಿಂದವರು. ಕೊನೆಗೆ ಸಾಕಾಗಿ, ಕಟ್ಟೋ ಸಾಮಾನೆಲ್ಲ ಅವರ ಕಂಪ್ಯೂಟರಿಗೆ ತುಂಬಿಸಿ, ನೀವೇ ಕಟ್ಟಿ ನೀವೇ ನೋಡ್ಕೊಳ್ಳಿ ಮಹರಾಯರೇ ಅಂದೆ.”

ತಿದ್ದಿದ ಸಿ.ಡಿ.ಯನ್ನು ಅವನು ಹಾಕಿ ತೋರಿಸಿದ. ತೆರೆ ಕಪ್ಪಗಿತ್ತು, ಮೇಲೆ ದಪ್ಪ ಬಿಳಿ ಅಕ್ಷರ. ಯಾರೂ ಏನೂ ಒತ್ತುವ ಮೊದಲೇ ದನಿಯೊಂದು ತಾನಾಗಿ ಮಾತಾಡಲು ಶುರುಮಾಡಿತು.

“ಇದು ನಾನು ಮಾಡಿದ್ದಲ್ಲ,” ಎಂದ ತಮ್ಮ, ಕೋಪ ಮರೆತು. “ನನ್ನದರಲ್ಲಿ ದನಿ ಬೇಕಿದ್ದರೆ ಮೆನು ನೋಡಿ ಆರಿಸಬೇಕಿತ್ತು. ಹೀಗೆ ಮೊದಲಿಂದಲೇ ಮಾತಾಡಲಿ ಅಂತ ನನಗೆ ಹೊಳೆದೇ ಇರಲಿಲ್ಲ.”

ಅಷ್ಟರಲ್ಲಿ ಚಿತ್ರಗಾರರು ಬಂದರು. ಸುದ್ದಿ ಅವರಿಗೆ ಬೆಳಿಗ್ಗೆಯಷ್ಟೇ ಮುಟ್ಟಿತ್ತು. ಗೋಡೆಗೆ ಒಂದು ಕೈ ಕೊಟ್ಟುಕೊಂಡು, ಬಾಗಿಲ ಬಳಿಯಿದ್ದ ನಾದಿನಿಗೆ ಕೈ ಮುಗಿದು, “ನಮಸ್ಕಾರ ವಕೀಲಮ್ಮ,” ಎಂದರು.

ನಾದಿನಿ ಕಡ್ಡಿಯ ಹಾಗಿದ್ದಳು. ಅತ್ತಿಗೆಯ ಒಂದು ಸೀರೆಯ ಸುತ್ತಿನಲ್ಲಿ ಅವಳಂಥವರು ಇಬ್ಬರು ಹಿಡಿಸುತ್ತಿದ್ದರು. “ವಕೀಲಮ್ಮ ಅಲ್ಲಿದ್ದಾರೆ, ನಾನು ಅವರ ನೆರಳು,” ಎಂದಳು ಸ್ವಲ್ಪ ಚುರುಕಾಗಿಯೇ. ಚಿತ್ರಗಾರರು ನಾಚಿ ಕನ್ನಡಕ ಒರೆಸಿಕೊಂಡರು. ಅವಳು ಕೊಟ್ಟ ಚಹಾದ ಲೋಟವನ್ನು ತೆಗೆದುಕೊಂಡು, ಅಂಚನ್ನು ಬೆರಳಿನಿಂದ ಸವರಿ ನಿಧಾನ ಬಾಯಿಗೆ ಒಯ್ದರು. ಟೀಚರ್ ಫೋನು ಚಾಚಿ, “ಗ್ರಂಥಾಲಯದವರು ಕಳಿಸಿದ್ದು ನೋಡಿ,” ಎಂದಾಗ, “ನೀವೇ ಓದಿಬಿಡಿ, ಈ ಕನ್ನಡಕ ಓದೋದಲ್ಲ,” ಎಂದರು.

“ನಿಮ್ಮ ಚಿತ್ರಗಳೆಲ್ಲ ಹೋದುವಲ್ಲ, ಬೇಜಾರಾಗಲಿಲ್ವಾ?” ವಕೀಲಮ್ಮ ಕೇಳಿದರು.

“ಚಿತ್ರ ಇನ್ನೊಂದು ಬರೆಯಬಹುದು,” ಎಂದು ಅವರು ಲೋಟದೊಳಕ್ಕೆ ನೋಡುತ್ತ ಕುಳಿತರು.

ಮೆಟ್ಟಿಲಿಳಿಯುವಾಗ ನಾದಿನಿ ಸಿಡುಕಿದಳು. “ಎಷ್ಟು ಸಲ ನೋಡಿದ್ದರೂ ನನ್ನನ್ನೂ ನಿಮ್ಮನ್ನೂ ಅದಲು ಬದಲು ಮಾಡಿದರಲ್ಲ ಅತ್ತಿಗೆ! ಚಿತ್ರ ಬರೆಯೋ ಮನುಷ್ಯನಿಗೆ ಗಾತ್ರ ಗೊತ್ತಾಗಬಾರದಾ?”

ವಕೀಲಮ್ಮ ಅಲ್ಲೇ ನಿಂತರು. “ಗೊತ್ತಾಗಬೇಕಿತ್ತು,” ಎಂದರು. “ಗ್ರಂಥಪಾಲಕರಿಗೆ ಫೋನ್ ಮಾಡು. ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬರಲಿ.”

ಗ್ರಂಥಪಾಲಕರು ಬಂದವರೇ ಗಂಟಲು ಸರಿಮಾಡಿಕೊಂಡರು. “ನೋಡಿ, ವೈಯಕ್ತಿಕ ದ್ವೇಷ ಏನಿಲ್ಲ. ನಮ್ಮನ್ನ ನಂಬಿ ಜನ ಇದನ್ನ ಮಕ್ಕಳ ಕಂಪ್ಯೂಟರಿಗೆ ಹಾಕ್ತಾರೆ. ಇವತ್ತು ದನಿ ಹಾಕಿದೋರು ನಾಳೆ ಇನ್ನೇನೋ ಹಾಕಿದರೆ?”

“ಸರಿಯಾದ ಪ್ರಶ್ನೆ,” ಎಂದರು ವಕೀಲಮ್ಮ. ತಮ್ಮ ಕಿಟಕಿಯ ಬಳಿ, ಅಕ್ಕ ಗೋಡೆಯ ಬಳಿ, ಒಬ್ಬರನ್ನೊಬ್ಬರು ನೋಡದೆ ಕುಳಿತಿದ್ದರು. ಚಿತ್ರಗಾರರು ನಡುವೆ. “ಫೈಲು ಮೂವರ ಕೈ ದಾಟಿದೆ. ಮೊದಲು ತಮ್ಮ. ಅವನಿಗೆ ದನಿ ಬೇಕಿತ್ತು, ಜಗಳವನ್ನೂ ಆಡಿದ್ದ. ಆದರೆ ಬೆರಳಚ್ಚನ್ನ ಪುಟದಲ್ಲಿ ಹಾಕೋದು ಯಾರು? ಅವನೇ. ಕದ್ದು ಬೇರೆ ಫೈಲು ಕೊಡೋನಾಗಿದ್ದರೆ ಹೊಸ ಬೆರಳಚ್ಚನ್ನೂ ಹಾಕ್ತಿದ್ದ. ಯಾರಿಗೂ ಅನುಮಾನವೇ ಬರ್ತಿರಲಿಲ್ಲ. ಬಾಗಿಲ ಬೀಗ ತಾನೇ ಮಾಡಿದವನು ಕಿಟಕಿ ಒಡೆದು ಒಳಗೆ ಬರ್ತಾನಾ ಟೀಚರ್?”

ಟೀಚರ್ ತಲೆ ಎತ್ತಿದರು.

“ಇನ್ನು ಗ್ರಂಥಪಾಲಕರು. ‘ಬೆರಳಚ್ಚು ತಾಳೆ ನೋಡಿಯೇ ಬಳಸಿ’ ಅಂತ ನಿಮ್ಮ ಪುಟದಲ್ಲಿ ಬರೆದವರು ನೀವೇ ಅಲ್ವಾ? ನೀವು ತಿದ್ದಿದ್ದರೆ ನಿಮ್ಮನ್ನ ಹಿಡಿದುಕೊಡೋ ಉಪಾಯವನ್ನ ನೀವೇ ಜನಕ್ಕೆ ಹೇಳಿಕೊಡ್ತಿರಲಿಲ್ಲ. ಹಾಗಾದರೆ ತಿದ್ದಿದೋರಿಗೆ ಫೈಲು ಕಟ್ಟೋಕೆ ಬರುತ್ತೆ, ಬೆರಳಚ್ಚಿನ ವಿಷಯ ಗೊತ್ತಿಲ್ಲ. ಚಿತ್ರಗಾರರು ತಮ್ಮ ಮನೇಲಿ ತಾವೇ ಕಟ್ಟಿ ನೋಡ್ತಿದ್ದರು. ರಜದ ದಿನ ಪೆನ್ ಡ್ರೈವ್ ಅವರ ಹತ್ತಿರವೇ ಇತ್ತು.”

“ಛೇ, ಅವರ ಚಿತ್ರಗಳೇ ಹೋಗಿವೆಯಲ್ಲ!” ಎಂದ ತಮ್ಮ.

“ಅದೇ ನೋಡು. ಜಾಗ ಮಾಡೋಕೆ ತೆಗೆಯೋಕೆ ಏನೇನಿರಲಿಲ್ಲ? ಆಟಗಳಿದ್ದವು, ಟೀಚರ್ ಪಾಠಗಳಿದ್ದವು. ಬೇರೆಯವರ ಶ್ರಮ ಒಂದನ್ನೂ ಮುಟ್ಟಿಲ್ಲ. ಕಳ್ಳ ಕೈ ಹಾಕಿರೋದು ತನ್ನ ಜೇಬಿಗೇ. ಇನ್ನೊಂದು, ದನಿ ಮೊದಲಿಂದಲೇ ತಾನಾಗಿ ಮಾತಾಡುತ್ತೆ. ಮೆನು ನೋಡಿ ಆರಿಸಿ ಅನ್ನೋದು ನೋಡಬಲ್ಲವರ ಮಾತು.” ವಕೀಲಮ್ಮ ಚಿತ್ರಗಾರರ ಕಡೆ ತಿರುಗಿದರು. “ಯಾಕೆ ಮಾಡಿದರು ಅನ್ನೋದೂ ನನಗೆ ಗೊತ್ತಾಗಿದೆ. ಆದರೆ ಅದನ್ನ ಹೇಳೋದು ನನ್ನ ಹಕ್ಕಲ್ಲ.”

ನಾದಿನಿಗೆ ಆಗ ಹೊಳೆಯಿತು. ಗೋಡೆ ಹಿಡಿದ ಕೈ, ಲೋಟದ ಅಂಚಿನ ಬೆರಳು, ಓದದ ಕನ್ನಡಕ, ತನಗೆ ಸಂದ ನಮಸ್ಕಾರ. ಬೆಳಿಗ್ಗೆ ಮೆಟ್ಟಿಲಲ್ಲಿ ತಾನು ಸಿಡುಕಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಚಿತ್ರಗಾರರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಕಣ್ಣು ಹೋಗ್ತಿದೆ,” ಎಂದರು. “ಪಕ್ಕದ್ದು ಕಾಣುತ್ತೆ, ನೇರ ನೋಡಿದ್ದು ಕಾಣಲ್ಲ. ಡಾಕ್ಟರು ಇದು ನಿಲ್ಲಲ್ಲ ಅಂದಿದ್ದಾರೆ. ಪ್ರಕಾಶಕರಿಗೆ ತಿಳಿದರೆ ಪುಸ್ತಕದ ಕೆಲಸ ನಿಲ್ಲುತ್ತೆ, ಅದಕ್ಕೇ ಯಾರಿಗೂ ಹೇಳಿಲ್ಲ. ಅವತ್ತು ಟೀಚರ್ ನನ್ನ ಮರ್ಯಾದೆಗೆ ಅಂತ ದನಿ ತೆಗೆದರು. ಬೇಡ, ನನ್ನ ಚಿತ್ರ ತೆಗೀರಿ ಅಂದರೆ ಯಾಕೆ ಅಂತ ಕೇಳ್ತೀರಿ. ದನಿ ನೆಟ್ಟಿಂದ ಇಳಿಸಿಕೊಳ್ಳಲಿ ಅಂದರು. ಇಳಿಸಿಕೊಳ್ಳೋ ಗುಂಡಿ ಎಲ್ಲಿದೆ ಅಂತ ಕಾಣದವನು ಹೇಗೆ ಇಳಿಸಿಕೊಳ್ಳಲಿ?”

ಅವರು ಮಡಿಲಲ್ಲಿದ್ದ ಕನ್ನಡಕವನ್ನು ಮಡಚಿದರು.

“ಚಿತ್ರದ ಮೂಲೇಲಿ ಒಂದು ಎಲೆ ಅಳಿಸಿದರೆ ಯಾರ ಕಣ್ಣಿಗೂ ಬೀಳಲ್ಲ. ಇದೂ ಹಾಗೇ ಅಂದುಕೊಂಡೆ. ಇಷ್ಟು ರಾದ್ಧಾಂತ ಆಗುತ್ತೆ ಅಂತ ಗೊತ್ತಿರಲಿಲ್ಲ.” ಅವರು ಆಗಲೇ ತಮ್ಮನ ದನಿ ಬಂದಿದ್ದ ಕಡೆಗೆ ತಿರುಗಿದರು. “ನಿನ್ನ ಮೇಲೆ ಬಂತಲ್ಲಪ್ಪ. ಬೆಳಿಗ್ಗೆಯಿಂದ ಹೇಳಬೇಕು ಅಂತ ನಾಲಿಗೆ ತುದಿಗೆ ಬರ್ತಿತ್ತು, ಧೈರ್ಯ ಸಾಲಲಿಲ್ಲ. ಸಂಜೆ ಅಂದಿದ್ದಾರಲ್ಲ, ಹೊರಗೆ ಹೋಗೋನು ನಾನು.”

“ಕೂತ್ಕೊಳ್ಳಿ,” ಎಂದರು ಗ್ರಂಥಪಾಲಕರು ಒರಟಾಗಿ. ಆಮೇಲೆ ದನಿ ತಗ್ಗಿಸಿದರು. “ಜನಕ್ಕೆ ತಾಳೆ ನೋಡಿ ಅಂತ ಉಪದೇಶ ಮಾಡಿದ ನಾನು, ಸರ್ವರಿಗೆ ಹಾಕೋ ಮುಂಚೆ ತಾಳೆ ನೋಡಲಿಲ್ಲ. ನೀವು ತಂದುಕೊಟ್ಟಿರಿ, ಹಾಕಿದೆ. ನಿಯಮ ಅಂತ ನಿಮ್ಮನ್ನ ಕಳಿಸೋದಾದರೆ ಮೊದಲು ನಾನು ಮನೆಗೆ ಹೋಗಬೇಕು. ಆದದ್ದನ್ನ ಹೆಸರಿಲ್ಲದೆ ನಮ್ಮ ಪುಟದಲ್ಲಿ ಒಪ್ಪಿಕೊಳ್ಳೋಣ. ಸರಿಯಾದ ಫೈಲು ಕೊಡಿ, ಈ ಸಲ ಇಬ್ಬರೂ ಕೂತು ತಾಳೆ ನೋಡೋಣ. ಆದರೆ ಯಾವುದು ಸರಿಯಾದ ಫೈಲು, ಅದನ್ನ ನೀವೇ ಹೇಳಬೇಕು.”

ಎಲ್ಲರೂ ಟೀಚರ್ ಕಡೆ ನೋಡಿದರು. ಅವರು ಎದ್ದು ಕಿಟಕಿಯ ಬಳಿ ಹೋಗಿ ತಮ್ಮನ ಮುಂದೆ ನಿಂತರು.

“ಅವತ್ತು ನೀನು ಹೇಳಿದ್ದೇ ಸರಿ ಇತ್ತು,” ಎಂದರು. “ಇವತ್ತು ಹೇಳಿದ್ದೂ ನಿಜ ಇತ್ತು. ನಾನು ಎರಡೂ ಸಲ ಕೇಳಲಿಲ್ಲ.”

“ನೀನು ಯಾವತ್ತು ಕೇಳಿದ್ದೀಯ ಅಕ್ಕ?” ಎಂದ ಅವನು. ಆದರೆ ಪಕ್ಕಕ್ಕೆ ಸರಿದು ಅಕ್ಕನಿಗೆ ಕೂರಲು ಜಾಗ ಮಾಡಿದ. “ದನಿ ಇರಲಿ. ಚಿತ್ರಗಳನ್ನ ಬೇಕಾದವರು ಇಳಿಸಿಕೊಳ್ಳಲಿ, ಅವರಿಗೆ ಗುಂಡಿ ಕಾಣುತ್ತಲ್ಲ.”

“ನಾನು?” ಚಿತ್ರಗಾರರು ಕೇಳಿದರು.

“ನೀವು ಹೋದರೆ ದನಿ ಎಲ್ಲೆಲ್ಲಿ ಎಡವುತ್ತೆ ಅಂತ ನಮಗೆ ಹೇಳೋರು ಯಾರು ಮಹರಾಯರೇ? ಇನ್ನು ಮೇಲೆ ನೀವು ಸರಿ ಅಂದ ಮೇಲೇ ಫೈಲು ಹೊರಗೆ ಹೋಗೋದು.”

ಸಂಜೆ ಮೇಲಿನ ಕೋಣೆಯಲ್ಲಿ ಹೊಸ ಹಗುರ ಕಟ್ಟಿ ಮುಗಿಯಿತು. ಗ್ರಂಥಪಾಲಕರು ತೋಳು ಮಡಚಿ ಕಾದು ನಿಂತಿದ್ದರು. ಒಮ್ಮೆ ಪರೀಕ್ಷೆ ಮಾಡೋಣ ಎಂದು ಟೀಚರ್ ಕಂಪ್ಯೂಟರ್ ಮುಂದೆ ಕುಳಿತರು. ತಮ್ಮ ಬಗ್ಗಿ ಮಾನಿಟರನ್ನೇ ಆರಿಸಿಬಿಟ್ಟ.

“ಏಯ್, ಏನೋ ಇದು!”

“ಪರೀಕ್ಷೆ ಅಂದರೆ ಇದು.”

ದನಿ ಮೆನುವಿನ ಮೊದಲ ಸಾಲು ಹೇಳಿತು. ಟೀಚರ್ ಗಾಬರಿಯಾಗಿ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿದರು. ದನಿ ತಬ್ಬಿಬ್ಬಾಗಿ ಅರ್ಧರ್ಧ ಮಾತಾಡಿತು. ಆ ದಿನ ಮೊದಲ ಸಲ ತಮ್ಮ ಗಹಗಹಿಸಿ ನಕ್ಕ.

ಚಿತ್ರಗಾರರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಟೀಚರ್ ಬೆರಳನ್ನು ಮೆಲ್ಲಗೆ ಹಿಡಿದು ಬಾಣದ ಕೀಲಿಯ ಮೇಲಿಟ್ಟರು.

“ಅವಸರ ಬೇಡ ಟೀಚರ್,” ಎಂದರು. “ಅದು ಹೇಳಿ ಮುಗಿಸಲಿ. ಮೊದಲು ಕೇಳಿ.”

ಟೀಚರ್ ಕೈ ಹಿಂದಕ್ಕೆಳೆಯದೆ, ಕಪ್ಪು ತೆರೆಯ ಮುಂದೆ ತಲೆ ಬಾಗಿಸಿ ಕೇಳತೊಡಗಿದರು.