ಬಾಗಿಲ ಪಕ್ಕದ ಕುರ್ಚಿ

ನಮ್ಮ ಮನೆಗೆ ಮೊದಲ ಸಲ ಚಹಾಕ್ಕೆ ಬಂದವನು ಸೋಫಾ ಬಿಟ್ಟು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತ.

"ಒಳಗೆ ಬನ್ನಿ, ಇಲ್ಲೇನು ಹುಲಿ ಇಲ್ಲ," ಎಂದೆ.

"ಇಲ್ಲೇ ಆರಾಮಾಗಿದೀನಿ," ಎಂದು ನಕ್ಕ. ಆ ನಗುವಿಗೆ ನನ್ನ ಕೈಲಿದ್ದ ಲೋಟ ತುಳುಕಿತು. ಅವನ ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು.

"ಓಡಿಹೋಗೋಕೆ ದಾರಿ ನೋಡ್ತಿದಾನೆ ಕಣೇ," ಎಂದಳು ಅಮ್ಮ, ಅವನು ಹೋದ ಮೇಲೆ. ನನಗೆ ಮೈಯೆಲ್ಲ ಉರಿಯಿತು.

ಅವನು ನಮ್ಮ ಬೀದಿಯ ಅಗ್ನಿಶಾಮಕ ಠಾಣೆಯ ಡ್ರೈವರ್. ಗಂಟೆ ಹೊಡೆದರೆ ಸಾಕು, ಬಾಯಿಗಿಟ್ಟ ತುತ್ತು ಬಿಟ್ಟು ಓಡುವವನು. ಅದಕ್ಕೇ ಬೀದಿಯವರೆಲ್ಲ ಅವನನ್ನು ಗಂಟೆರಾಯ ಎನ್ನುತ್ತಿದ್ದರು. ನನ್ನದು ಠಾಣೆಯ ಎದುರಿನ ಹೊಲಿಗೆ ಅಂಗಡಿ. ಬೆಳಿಗ್ಗೆ ಅವನು ತೋಳು ಮಡಚಿ ಫೈರ್ ಎಂಜಿನ್ ಒರೆಸುವಾಗ ನನ್ನ ಹೊಲಿಗೆ ಯಾಕೋ ಸೊಟ್ಟಗಾಗುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಬಜೆಟ್ ಕಡಿತವಂತೆ, ಠಾಣೆ ಮುಚ್ಚುತ್ತಾರಂತೆ, ಸಿಬ್ಬಂದಿಯನ್ನೆಲ್ಲ ದೂರದ ಊರುಗಳಿಗೆ ಎತ್ತಂಗಡಿ ಮಾಡುತ್ತಾರಂತೆ. ಠಾಣೆಯೂ ಹೋಗುತ್ತದೆ, ಅವನೂ ಹೋಗುತ್ತಾನೆ! ನಾನು ಬಿಡುತ್ತೇನೆಯೇ? ಬೀದಿಯವರನ್ನೆಲ್ಲ ಸೇರಿಸಿದೆ, ಅಂಗಡಿಯಲ್ಲಿದ್ದ ಕೆಂಪು ಬಟ್ಟೆಯಲ್ಲಿ ಬ್ಯಾನರ್ ಹೊಲಿದೆ, ಬಜೆಟ್ ಅಧಿಕಾರಿಯನ್ನೇ ಸಭೆಗೆ ಕರೆಸಿದೆ.

"ನೀವೂ ಸಭೇಲಿ ಒಂದು ಮಾತಾಡಿ," ಎಂದೆ ಅವನಿಗೆ.

"ಡ್ಯೂಟೀಲಿರ್ತೀನಿ. ಮಾತಾಡೋ ಹಾಗಿಲ್ಲ."

"ಬೀದಿಗೆ ಬೀದೀನೇ ನಿಮಗೋಸ್ಕರ ಗಂಟಲು ಹರ್ಕೊಳ್ತಿದೆ, ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರಿ! ಟ್ರಾನ್ಸ್‌ಫರ್ ಬೇಕಾಗಿದ್ಯೇನೋ."

ಅವನ ಮುಖ ಸಣ್ಣದಾಯಿತು. ಠಾಣೆಯತ್ತ ಹೊರಟುಹೋದ.

ಸಭೆ ನಡೆದದ್ದು ಠಾಣೆಗೆ ಅಂಟಿಕೊಂಡ ಶಾಲೆಯ ಹಾಲ್‌ನಲ್ಲಿ. ಜಗಳವಾಡಿದ್ದರೂ ಮುಂದಿನ ಸಾಲಿನಲ್ಲಿ ಅವನಿಗೊಂದು ಕುರ್ಚಿ ಹಿಡಿದಿಟ್ಟಿದ್ದೆ. ಅವನೋ, ಜೊತೆಗಾರರೊಂದಿಗೆ ಹಿಂದೆ ಬಾಗಿಲ ಬಳಿಯೇ ಕೂತ. ಇಲ್ಲೂ ಬಾಗಿಲೇ! ಮುಖ ತಿರುಗಿಸಿಕೊಂಡೆ.

ಬಜೆಟ್ ಅಧಿಕಾರಿ ಮೈಕ್ ಹಿಡಿದರು. "ಗಾಬರಿ ಯಾಕೆ? ರೈಲ್ವೆ ಗೇಟಿನಾಚೆ ದೊಡ್ಡ ಠಾಣೆ ಇದೆ, ಅಲ್ಲಿಂದ ಗಾಡಿ ಬರುತ್ತೆ. ನಿಮಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಅದೂ ಅಲ್ಲದೆ..."

ಢಣಢಣ ಠಾಣೆಯ ಗಂಟೆ ಹೊಡೆಯಿತು. ತಿರುಗಿ ನೋಡಿದರೆ ಬಾಗಿಲ ಬಳಿಯ ಕುರ್ಚಿಗಳು ಖಾಲಿ. ಅಧಿಕಾರಿ ಮುಂದಿನ ಮಾತು ಹುಡುಕುವಷ್ಟರಲ್ಲಿ ಕೆಂಪು ಗಾಡಿ ಕಿಟಕಿಯಾಚೆ ಹಾದುಹೋಯಿತು.

ಬೀದಿಯ ಕೊನೆಯ ಬೇಕರಿಗೆ ಬೆಂಕಿ ಬಿದ್ದಿತ್ತು. ಮಹಡಿಯಲ್ಲಿ ಬೇಕರಿಯವರ ತಾಯಿ ಒಬ್ಬರೇ ಇದ್ದರು. ನಾವೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡುವ ಹೊತ್ತಿಗೆ ಅವನು ಪಂಪು ಚಾಲೂ ಮಾಡಿಯಾಗಿತ್ತು, ಜೊತೆಗಾರರು ಏಣಿ ಏರಿಯಾಗಿತ್ತು. ಅಜ್ಜಿಯನ್ನು ಹೂವಿನಂತೆ ಇಳಿಸಿ ತಂದರು.

"ನನ್ನ ಚಪ್ಪಲಿ ಮೇಲೇ ಉಳೀತಲ್ರೋ!" ಎಂದು ಅಜ್ಜಿ ಗದರಿದರು. ಅಳುತ್ತಿದ್ದ ಬೇಕರಿಯವರು ನಕ್ಕುಬಿಟ್ಟರು.

ಬೆಂಕಿ ಆರಿ, ಪೈಪು ಸುತ್ತುವಾಗ ದೊಡ್ಡ ಠಾಣೆಯ ಗಾಡಿ ಬೊಬ್ಬೆ ಹೊಡೆಯುತ್ತ ಬಂತು. "ಗೇಟ್ ಹಾಕಿತ್ತು, ಏನ್ ಮಾಡೋಣ?" ಎಂದ ಅದರ ಡ್ರೈವರ್.

"ಈಗ ವ್ಯತ್ಯಾಸ ಗೊತ್ತಾಯ್ತಾ ಸ್ವಾಮಿ?" ಬೇಕರಿಯವರು ಕೇಳಿದರು.

ಅಧಿಕಾರಿ ಅಜ್ಜಿಯನ್ನು ನೋಡಿದರು. "ಠಾಣೆ ಮುಚ್ಚೋ ಮಾತು ವಾಪಸ್ ತಗೊಂಡೆ. ಮೇಲಿನವರಿಗೆ ನಾನೇ ಹೇಳ್ತೀನಿ."

ಬೀದಿಯೆಲ್ಲ ಚಪ್ಪಾಳೆ. ಹೆಮ್ಮೆಯಿಂದ ನನ್ನ ಎದೆ ಉಬ್ಬಿಹೋಯಿತು. ಇವನು ನನ್ನವನು ಎಂದು ಕೂಗಿ ಹೇಳಬೇಕೆನಿಸಿತು.

ಮಸಿ ಮೆತ್ತಿದ ಮುಖ ಹೊತ್ತು ಅವನು ನನ್ನೆದುರು ನಿಂತ. "ನಮ್ಮ ಕೆಲಸಾನೇ ಹೀಗೆ. ಎಲ್ಲಿ ಹೋದ್ರೂ ಬಾಗಿಲ ಹತ್ರಾನೇ ಕೂರೋದು, ಕಿವಿ ಗಂಟೆ ಮೇಲೆ. ರಜೆ ಇದ್ರೂ ಆ ಅಭ್ಯಾಸ ಬಿಡಲ್ಲ."

"ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?"

"ನೀವು ಮಾತಾಡೋಕೆ ಬಿಟ್ರೆ ತಾನೆ?"

ನಗು ತಡೆಯಲಾಗಲಿಲ್ಲ. "ನಿಮ್ಮ ಮದುವೇಲೂ ಬಾಗಿಲ ಹತ್ರಾನೇ ಕೂರ್ತೀರಾ?"

"ಹೂಂ. ಗಂಟೆ ಹೊಡೆದ್ರೆ ಎದ್ದು ಓಡೋನೇ. ಅಂಥೋನ ಪಕ್ಕ ಕೂರೋ ಧೈರ್ಯ ಇದ್ಯಾ ನಿಮಗೆ?" ಈ ಸಲ ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಓಡಿ. ಆದ್ರೆ ವಾಪಸ್ ಬರ್ಬೇಕು," ಎಂದೆ.

ಡ್ಯೂಟಿ ಮುಗಿಸಿ ಅವನು ಮನೆಗೆ ಬಂದಾಗ ಅಮ್ಮ ಸೋಫಾ ತೋರಿಸಿದಳು. ನಾನು ಬಾಗಿಲ ಪಕ್ಕಕ್ಕೆ ಎರಡು ಕುರ್ಚಿ ಎಳೆದು ಹಾಕಿದೆ.

"ನಿನ್ನ ಅಳಿಯ ಕೂರೋದು ಇಲ್ಲೇ ಅಮ್ಮಾ," ಎಂದು ಒಂದರಲ್ಲಿ ನಾನೇ ಮೊದಲು ಕೂತೆ.