ತೊಳೆದುಹೋದ ಕೆಸರು

ಚಿಕ್ಕಬಳ್ಳಾಪುರದ ಬಸ್ಸಿಳಿದು ಗೌರಿಬಿದನೂರಿನ ಆ ಬೀದಿಗೆ ತಿರುಗಿದಾಗ ಮಧುಸೂದನನ ಕೈಯಲ್ಲಿ ಒಂದು ಸಿಹಿತಿಂಡಿಯ ಡಬ್ಬಿ ಇತ್ತು. ಒಳಗೆ ಸಿಹಿ ಇರಲಿಲ್ಲ. ಹತ್ತಿಯ ಮೇಲೆ ಸಾಲಾಗಿ ಮಲಗಿಸಿದ ಪುಟ್ಟ ಪುಟ್ಟ ಕೊಂಡಿಗಳಿದ್ದವು, ನೂರೆಂಬತ್ತಕ್ಕೂ ಹೆಚ್ಚು. ಒಂದೊಂದೂ ಕಿರುಬೆರಳಿನ ಉಗುರಿನಷ್ಟು. ಎಲ್ಲವನ್ನೂ ಪೋಣಿಸಿದರೆ ಒಂದು ಪುಟ್ಟ ಮಾದರಿ ಯುದ್ಧಟ್ಯಾಂಕಿನ ಎರಡು ಸರಪಳಿ ಚಕ್ರಗಳಾಗುತ್ತಿದ್ದವು.

ಆ ಟ್ಯಾಂಕು ಕಟ್ಟುತ್ತಿದ್ದ ವೆಂಕಟರಾಯಪ್ಪನವರಿಗೆ ಅವನು ಆ ವಾರ ಎರಡು ಸಲ ಫೋನ್ ಮಾಡಿದ್ದ. ಸ್ವಿಚ್ ಆಫ್ ಎಂದು ಬಂದಿತ್ತು. ಅವನಿಗೇನೂ ಅನುಮಾನ ಬರಲಿಲ್ಲ. ಕೈಯಲ್ಲಿ ಬ್ರಷ್ ಹಿಡಿದರೆ ಮುದುಕರು ಫೋನ್ ಆಫ್ ಮಾಡಿಡುವುದು ವಾಡಿಕೆಯೇ ಆಗಿತ್ತು.

ಮನೆಯ ಮುಂದೆ ರಂಗೋಲಿ ಇರಲಿಲ್ಲ. ಅಂಗಳದ ತುಂಬ ಪಾತ್ರೆ, ಚಾಪೆ, ಟ್ರಂಕು, ದೇವರ ಮಣೆ, ಎಲ್ಲವೂ ಹೊರಗೆ. ಹೆಂಗಸರು ಹುಣಸೆಹಣ್ಣು, ಸೋಪು ಹಿಡಿದು ಉಜ್ಜುತ್ತಿದ್ದರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟಿದ್ದ ಟ್ಯಾಂಕು ಹಸಿರಾಗಿ ಫಳಫಳ ಹೊಳೆಯುತ್ತಿತ್ತು.

"ಯಾರು ಬೇಕಾಗಿತ್ತಪ್ಪ?" ಎಂದರು ಒಬ್ಬ ವಯಸ್ಸಾದ ಹೆಂಗಸು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ.

"ವೆಂಕಟರಾಯಪ್ಪನವರು..."

"ಇನ್ನೆಲ್ಲಿಯ ವೆಂಕಟರಾಯಪ್ಪನಪ್ಪ! ನನ್ನ ತಮ್ಮ ಹೋಗಿ ಇವತ್ತಿಗೆ ಹತ್ತು ದಿನ. ನಾಳೆ ತಿಥಿ."

ಮಧುಸೂದನ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ.

ಹಿತ್ತಲಿನಿಂದ ಶಿರೀಷಾ ಬಂದಳು. ವೆಂಕಟರಾಯಪ್ಪನವರ ಒಬ್ಬಳೇ ಮಗಳು. ಊರಿನ ಅಂಚೆ ಕಚೇರಿಯಲ್ಲಿ ಕೆಲಸ. ಇವನು ಭಾನುವಾರ ಬಂದಾಗಲೆಲ್ಲ ಕಾಫಿ ತಂದಿಟ್ಟು, ಒಂದು ಮಾತು ಚುಚ್ಚಿ ಹೋಗುವವಳು. ಆ ದಿನ ಅವಳ ಕಣ್ಣು ಊದಿತ್ತು, ಕೈ ಸೋಪಿನ ನೀರಿನಲ್ಲಿ ನೆನೆದು ಸುಕ್ಕಾಗಿತ್ತು.

"ನಿಮಗೆ ಹೇಳೋಕೇ ಆಗಲಿಲ್ಲ ಸಾರ್. ನಿಮ್ಮ ನಂಬರ್ ಅಪ್ಪನ ಫೋನಲ್ಲೇ ಇತ್ತು. ಅದು ಲಾಕ್ ಆಗಿದೆ." ಸ್ವಲ್ಪ ತಡೆದು ಹೇಳಿದಳು, "ಮಲಗಿದ್ದೋರು ಏಳಲಿಲ್ಲ. ಅಷ್ಟೇ."

ಅವನು ತಲೆ ತಗ್ಗಿಸಿದ.

"ನೋಡಿ, ಟ್ಯಾಂಕನ್ನೂ ತೊಳೆದೆ. ಮನೇಲಿ ಒಂದು ಚಮಚಾನೂ ತೊಳೀದೇ ಬಿಡಬಾರದು ಅಂತ ಈ ಅಕ್ಕಯಮ್ಮತ್ತೆ ಅಂದ್ರು. ಎಷ್ಟು ಕೊಳೆ ಕೂತಿತ್ತು ಗೊತ್ತಾ? ಚಕ್ರದ ಸಂದೀಲೆಲ್ಲ ಮಣ್ಣು. ಹಲ್ಲುಜ್ಜೋ ಬ್ರಷ್ ತಗೊಂಡು ಒಂದು ಗಂಟೆ ಉಜ್ಜಿದೆ. ಈಗ ಹೊಸದರ ಹಾಗಿದೆ, ಅಲ್ವಾ?"

ಅದು ಕೊಳೆಯಾಗಿರಲಿಲ್ಲ. ವೆಂಕಟರಾಯಪ್ಪನವರ ನಾಲ್ಕು ತಿಂಗಳ ಕೆಲಸ ಅದು. ಸೈನ್ಯದಲ್ಲಿ ಹದಿನೇಳು ವರ್ಷ ಟಿ-72 ಟ್ಯಾಂಕು ಓಡಿಸಿದವರು. ತಾವು ಓಡಿಸಿದ ಟ್ಯಾಂಕೇ ಮೇಜಿನ ಮೇಲೆ ಇರಬೇಕೆಂದು ಅದರ ಮಾದರಿಯನ್ನು ತರಿಸಿ ಕಟ್ಟುತ್ತಿದ್ದರು. ನಿಜವಾದುದರ ಮೂವತ್ತೈದರಲ್ಲಿ ಒಂದು ಪಾಲು. ಕೆಸರು, ತುಕ್ಕು, ಎಂಜಿನ್ ಪಕ್ಕದ ಎಣ್ಣೆಕಲೆ, ಎಲ್ಲವನ್ನೂ ಬಣ್ಣದ ಪುಡಿಯಲ್ಲಿ ಕೂದಲೆಳೆಯಂಥ ಬ್ರಷ್ಷಿನಿಂದ ಕೂರಿಸಿದ್ದರು. ಆ ಪುಡಿ ಅಳಿಸಿಹೋಗದಂತೆ ಹಿಡಿದಿಡುವ ವಾರ್ನಿಷ್ ಮಾತ್ರ ಮೇಲೆ ಹೊಡೆದಿರಲಿಲ್ಲ. ಎಲ್ಲ ಮುಗಿದ ಮೇಲೆ ಒಂದೇ ಸಲ ಹೊಡೆದು, ಆಮೇಲೇ ಮನೆಯವರಿಗೆ ತೋರಿಸುವುದೆಂದು ಅವರ ಹಟ; ಅಲ್ಲಿಯವರೆಗೆ ಯಾರಾದರೂ ಬಂದರೆ ಬಟ್ಟೆ ಮುಚ್ಚಿಬಿಡುತ್ತಿದ್ದರು.

ಮಧುಸೂದನ ಅವಳ ಕೈಗಳನ್ನು ನೋಡಿದ.

"ಹೌದು," ಎಂದ. "ಚೆನ್ನಾಗಿದೆ."

*

ಮಧುಸೂದನ ಹಲ್ಲಿನ ಡಾಕ್ಟರಲ್ಲ. ಡಾಕ್ಟರು ಅಳತೆ ಕಳಿಸಿದರೆ ಕಟ್ಟುಹಲ್ಲು ಮಾಡಿಕೊಡುವವನು. ಚಿಕ್ಕಬಳ್ಳಾಪುರದಲ್ಲಿ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದ. ಎರಡು ವರ್ಷದ ಹಿಂದೆ ವೆಂಕಟರಾಯಪ್ಪನವರು ತಮ್ಮ ಹಲ್ಲಿನ ಸೆಟ್ಟು ಕಚ್ಚುತ್ತದೆಂದು ಜಗಳಕ್ಕೆ ಬಂದವರು, ಅವನ ಸಣ್ಣ ಅರ, ಸಣ್ಣ ಡ್ರಿಲ್ಲು ನೋಡಿ ಜಗಳ ಮರೆತಿದ್ದರು. "ಹಲ್ಲು ಹಾಳಾಗಿಹೋಗ್ಲಿ ಕಣಪ್ಪ, ನನಗೊಂದು ತೋಪಿನ ಬಾಯಿ ಕೊರೆದುಕೊಡ್ತೀಯಾ?" ಎಂದಿದ್ದರು. ಅಲ್ಲಿಂದ ಭಾನುವಾರಗಳು ಶುರುವಾದವು. ಮೊದಲು ಅವನು ಟ್ಯಾಂಕಿಗಾಗಿ ಬರುತ್ತಿದ್ದ. ಯಾವಾಗಿನಿಂದ ಕಾಫಿಗಾಗಿ ಬರತೊಡಗಿದನೋ ದೇವರಿಗೇ ಗೊತ್ತು.

ತಿಥಿ ಕಳೆದ ಮೇಲೆ ವೆಂಕಟರಾಯಪ್ಪನವರ ಹೆಂಡತಿ ರಾಮಲಕ್ಷ್ಮಮ್ಮನೇ ಅವನನ್ನು ಕರೆದು ಹೇಳಿದರು, "ಅವರು ಅರ್ಧಕ್ಕೆ ಬಿಟ್ಟಿದ್ದನ್ನ ನೀನೇ ಮುಗಿಸಿಕೊಡಪ್ಪ. ವರ್ಷದ ತಿಥಿ ಹೊತ್ತಿಗೆ ಫೋಟೋ ಮುಂದೆ ಇಡಣ. ಶಿರೀಷಾನೂ ಕೈ ಹಾಕ್ತಾಳೆ. ಅವಳಿಗೂ ಹೊತ್ತು ಹೋಗಬೇಕು."

ಹೀಗೆ ಅವರಿಬ್ಬರೂ ಭಾನುವಾರದ ಹಗಲಿನಲ್ಲಿ ನಡುಮನೆಯ ಕಿಟಕಿಯ ಬಳಿ ಎದುರುಬದುರು ಕೂತರು. ರಾಮಲಕ್ಷ್ಮಮ್ಮ ಬಾಗಿಲ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಇರುತ್ತಿದ್ದರು.

"ಹಲ್ಲಿನ ಸಾರ್, ಈ ಹಗ್ಗ ಯಾತಕ್ಕೆ?"

"ಟ್ಯಾಂಕು ಹೂತುಕೊಂಡ್ರೆ ಇನ್ನೊಂದು ಟ್ಯಾಂಕಿಗೆ ಕಟ್ಟಿ ಎಳೆಯೋ ಉಕ್ಕಿನ ಹಗ್ಗ. ಡಬ್ಬೀಲಿ ಬಂದ ನೂಲು ಚೆನ್ನಾಗಿಲ್ಲ."

"ನಮ್ಮಮ್ಮನ ತವರು ಶಿಡ್ಲಘಟ್ಟ. ರೇಷ್ಮೆ ದಾರ ತರಿಸ್ತೀನಿ. ಹುರಿ ಮಾಡೋದು ನನಗೆ ಬರುತ್ತೆ."

ಮೂರು ಎಳೆ ರೇಷ್ಮೆಯನ್ನು ಅವಳು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು. ಅವನು ಅದಕ್ಕೆ ಕಪ್ಪು ಮಿಶ್ರಿತ ಬೆಳ್ಳಿಬಣ್ಣ ಸವರಿದ. ಉಕ್ಕೇ ಉಕ್ಕು.

ಹಣೆಗೆ ಕಟ್ಟುವ ಭೂತಗನ್ನಡಿ ಅವನಿಗಿತ್ತು. ಅದನ್ನು ಇಳಿಸಿಕೊಂಡು ಒಂದೊಂದೇ ಕೊಂಡಿ ಅಂಟಿಸುವಾಗ, ಒಮ್ಮೆ ಅವಳೇನೋ ಕೇಳಿದಳೆಂದು ತಲೆಯೆತ್ತಿದ. ಗಾಜಿನ ತುಂಬ ಅವಳ ಮುಖ. ತುಟಿಯ ಪಕ್ಕದ ಎಳ್ಳಿನಷ್ಟು ಮಚ್ಚೆ ಹುರುಳಿಕಾಳಿನಷ್ಟಾಗಿತ್ತು. ಬಿಸಿಲಿಗೆ ರೆಪ್ಪೆಯ ತುದಿಗಳು ಕಂದಾಗಿ ಕಂಡವು.

"ನಿಮ್ಮ ಕಣ್ಣು ಕಡಬಿನ ಗಾತ್ರ ಕಾಣ್ತಿದೆ," ಎಂದು ಅವಳು ನಕ್ಕಳು. ಅಪ್ಪ ಹೋದ ಮೇಲೆ ಅದೇ ಮೊದಲ ನಗು. "ಏನು ಅಷ್ಟೊಂದು ನೋಡ್ತಿದ್ದೀರಿ?"

"ಚಕ್ರ."

"ಚಕ್ರ ಅಲ್ಲಿದೆ ಸಾರ್, ಕೆಳಗೆ."

ಅವನು ಕೆಳಗೆ ನೋಡಿದ. ಹೆಬ್ಬೆರಳು ಟ್ಯಾಂಕಿನ ಮೂರನೇ ಚಕ್ರಕ್ಕೆ ಅಂಟಿಕೊಂಡುಬಿಟ್ಟಿತ್ತು. ಬಿಸಿನೀರು, ಎಣ್ಣೆ ಹಾಕಿ ಅದನ್ನು ಬಿಡಿಸುವುದರಲ್ಲಿ ಅರ್ಧ ಗಂಟೆ ಹೋಯಿತು. ರಾಮಲಕ್ಷ್ಮಮ್ಮ ಅವರೆಕಾಯಿಯಿಂದ ತಲೆ ಎತ್ತದೆಯೇ, "ನಿಧಾನಕ್ಕೆ ಬಿಡಿಸೇ, ಚರ್ಮ ಕಿತ್ತೀತು," ಎಂದರು.

ಬಸ್ಸಿನಲ್ಲಿ ಹಿಂದಿರುಗುವಾಗ ಮಾತ್ರ ಆ ಸಂತೋಷದೊಳಗೆ ಒಂದು ಮುಳ್ಳು ಆಡುತ್ತಿತ್ತು. ತೊಳೆದುಹೋದ ಕೆಸರಿನ ನಾಲ್ಕು ಫೋಟೋ ಅವನ ಮೊಬೈಲಿನಲ್ಲಿದ್ದವು. ಕೊನೆಗೆ ಒಂದು ದಿನ ಟ್ಯಾಂಕನ್ನು ಲ್ಯಾಬಿಗೆ ಒಯ್ದು, ತನ್ನದೇ ಹೊಸ ಯೋಚನೆ ಎಂಬಂತೆ ಕೆಸರೆಲ್ಲವನ್ನೂ ಮತ್ತೆ ಬರೆದು ತರುವುದೆಂದು ಅವನ ಯೋಚನೆ. ಅವಳಿಗೆ ನೋವಾಗಬಾರದು. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳೂ ಸುಳ್ಳೇ ಎಂಬುದು ಅವನಿಗಿನ್ನೂ ಹೊಳೆದಿರಲಿಲ್ಲ.

*

ಮೂರನೇ ತಿಂಗಳಲ್ಲಿ ಅಂಚೆ ಕಚೇರಿಗೆ ವೆಂಕಟರಾಯಪ್ಪನವರ ಹೆಸರಿಗೆ ಒಂದು ಪಾರ್ಸೆಲ್ ಬಂತು. ಬದುಕಿದ್ದಾಗ ವಿದೇಶದಿಂದ ತರಿಸಲು ಹೇಳಿದ್ದು. ಕಸ್ಟಮ್ಸಿನಲ್ಲಿ ಕೂತಿದ್ದು ತಡವಾಗಿ ತಲುಪಿತು. ಅಪ್ಪನ ಹೆಸರಿನ ಮುಂದೆ ಮಗಳೇ ಸಹಿ ಹಾಕಿ ಬಿಡಿಸಿಕೊಂಡಳು. ಒಳಗೆ ಮೂರು ಪುಟ್ಟ ಸೀಸೆ: ಒಣ ಕೆಸರು, ಹಸಿ ಕೆಸರು, ಮರಳುಗಾಡಿನ ಧೂಳು.

ಭಾನುವಾರ ಮಧುಸೂದನ ಬಂದಾಗ ಆ ಮೂರೂ ಮೇಜಿನ ಮೇಲಿದ್ದವು.

"ಕೆಸರನ್ನ ದುಡ್ಡು ಕೊಟ್ಟು ತರಿಸ್ಕೊಳ್ತಾರಾ ಸಾರ್?" ಅವಳ ದನಿ ಬಹಳ ಮೆತ್ತಗಿತ್ತು. "ನಾನು ಉಜ್ಜಿದ್ದು ಏನನ್ನ?"

ಅವನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಫೋಟೋಗಳನ್ನೂ ತೋರಿಸಿದ. ಅವಳು ಒಂದೊಂದನ್ನೂ ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ಆವತ್ತೇ ಯಾಕೆ ಹೇಳಲಿಲ್ಲ?"

"ನಿಮ್ಮ ಕೈ ನೋಡಿದೆ. ಬಾಯಿ ಬರಲಿಲ್ಲ."

"ಅಪ್ಪ ಸತ್ತರು ಅನ್ನೋದನ್ನೇ ಕೇಳಿಸ್ಕೊಂಡವಳು ನಾನು. ಕೆಸರು ಹೋಯ್ತು ಅನ್ನೋದನ್ನ ಕೇಳಿಸ್ಕೊಳ್ಳೋಕೆ ಆಗ್ತಿರಲಿಲ್ವಾ?"

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಅವನತ್ತ ಸರಿಸಿದಳು.

"ಮೂರು ತಿಂಗಳು ನನ್ನ ಎದುರಿಗೆ ಕೂತು ನಗ್ತಿದ್ರಿ. ಅಷ್ಟೂ ದಿನ ನಿಮಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ." ಅವಳು ಎದ್ದಳು. "ಇನ್ನು ನೀವು ನನ್ನ ಬಗ್ಗೆ ಏನು ಹೇಳಿದ್ರೂ, ಇದೂ ನನ್ನನ್ನ ಸಮಾಧಾನ ಮಾಡೋಕೇನೋ ಅನ್ಸುತ್ತೆ. ಹೋಗಿಬನ್ನಿ ಸಾರ್."

ಆ ದಿನ ಕಾಫಿ ಬರಲಿಲ್ಲ.

*

ಐದು ಭಾನುವಾರ ಅವನು ಹೋಗಲಿಲ್ಲ. ಲ್ಯಾಬಿನ ಬಾಗಿಲು ತೆರೆದು ಯಾರದೋ ದವಡೆಯ ಅಚ್ಚಿಗೆ ಮೇಣ ತುಂಬುತ್ತ ಕೂತಿರುತ್ತಿದ್ದ. ಬೆಳಿಗ್ಗೆ ಸ್ನಾನ ಮಾಡಿ ದೇವರಿಗೆ ಕೈಮುಗಿಯುವಾಗ, ಅವಳು ಸಿಗಲಿ ಎಂದು ಕೇಳಲು ನಾಚಿಕೆಯಾಗಿ, ಅವಳಿಗೆ ಒಳ್ಳೆಯದಾಗಲಿ ಎಂದಷ್ಟೇ ಕೇಳುತ್ತಿದ್ದ.

ಆರನೆಯ ಭಾನುವಾರ ಬಾಗಿಲಲ್ಲಿ ನೆರಳಾಯಿತು. ಶಿರೀಷಾ ನಿಂತಿದ್ದಳು. ಹೆಗಲಲ್ಲೊಂದು ಬ್ಯಾಗು, ಎರಡೂ ಕೈಯಲ್ಲಿ ಹೊಸ ಬಟ್ಟೆ ಸುತ್ತಿದ ಟ್ಯಾಂಕು.

ಕಪಾಟಿನ ಮೇಲೆ ಸಾಲಾಗಿ ಜೋಡಿಸಿದ್ದ ಕಟ್ಟುಹಲ್ಲುಗಳನ್ನು ನೋಡಿ ಅವಳೆಂದಳು, "ಇಷ್ಟೊಂದು ಜನ ಒಟ್ಟಿಗೆ ನಗ್ತಿದ್ದಾರೆ. ನೀವೊಬ್ರೇ ಮುಖ ಊದಿಸ್ಕೊಂಡು ಕೂತಿದ್ದೀರಲ್ಲ."

ಅವನು ಏಳಲು ಹೋಗಿ ಮೇಣದ ಬಟ್ಟಲು ಉರುಳಿಸಿದ.

"ಫೋಟೋದಲ್ಲಿ ಎಡಗಡೆ ಕೆಸರು ಜಾಸ್ತಿ ಇತ್ತಲ್ಲ. ಯಾಕೆ ಗೊತ್ತಾ ನಿಮಗೆ?"

"ಇಲ್ಲ. ಅವರು ಹೇಳಿರಲಿಲ್ಲ."

"ನನಗೆ ಹೇಳಿದ್ರು. ಚಿಕ್ಕವಳಿದ್ದಾಗ ನಾನು ಊಟ ಮಾಡದಿದ್ರೆ ಇದೇ ಕಥೆ. ರಾಜಸ್ಥಾನದಲ್ಲಿ ಯುದ್ಧದ ಅಭ್ಯಾಸ. ಕಾಲುವೆಯ ಏರಿ ಕುಸಿದು ಟ್ಯಾಂಕು ಎಡಕ್ಕೆ ವಾಲಿತಂತೆ. ಎಳೆದು ಹೊರಗೆ ಹಾಕೋಕೆ ಐದು ಗಂಟೆ ಬೇಕಾಯ್ತು. ಅಪ್ಪ ಒಳಗೇ ಕೂತು ವೆಂಕಟರಮಣನ ಹೆಸರು ಹೇಳ್ತಿದ್ರಂತೆ. ಕೆಸರು ಪಕ್ಕದ ತಗಡಿನ ಅರ್ಧದವರೆಗೆ, ಮುಂದಿನ ದೀಪ ಮುಳುಗೋ ಹಾಗೆ. ಬಲಗಡೆ ಬರೀ ಧೂಳು." ಅವಳು ಟ್ಯಾಂಕನ್ನು ಮೇಜಿನ ಮೇಲಿಟ್ಟಳು. "ನಿಮಗೆ ಕೆಸರು ಮಾಡೋಕೆ ಬರುತ್ತೆ. ಎಲ್ಲಿ ಹಾಕಬೇಕು ಅನ್ನೋದು ನನಗೆ ಗೊತ್ತು. ನಾವಿಬ್ಬರೂ ಬೇರೆ ಬೇರೆ ಕೂತ್ರೆ ಇದು ಮುಗಿಯಲ್ಲ."

"ಶಿರೀಷಾ ಅವರೇ, ನಾನು..."

"ಒಂದೇ ಮಾತು. ಇನ್ನು ಮೇಲೆ ನನ್ನ ಒಳ್ಳೇದಕ್ಕೆ ಅಂತ ನನ್ನ ಹತ್ರ ಸುಳ್ಳು ಹೇಳಬಾರದು. ಹೇಳಿದ್ರೆ, ಅವತ್ತೇ ಕೊನೆ."

ಅವನು ತಲೆಯಾಡಿಸಿದ.

ಮುಂದಿನ ವಾರ ಇಬ್ಬರೂ ಚಿಕ್ಕಬಳ್ಳಾಪುರದ ಪಕ್ಕದ ಕಳವಾರಕ್ಕೆ ಹೋಗಿ ಬೆಟ್ಟದ ಬುಡದಲ್ಲಿ ತಿಳಿಬಣ್ಣದ ಮಣ್ಣು ತಂದರು. ಬೆಟ್ಟ ಹತ್ತಲು ಬಂದ ಹುಡುಗರು ಇವರು ಸೆರಗಿನಲ್ಲಿ ಮಣ್ಣು ಜರಡಿ ಹಿಡಿಯುವುದನ್ನು ನೋಡಿ ನಕ್ಕು ಹೋದರು. ಆ ಮಣ್ಣಿಗೆ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರು, ಅಂಟು, ಸೀಸೆಯ ಪುಡಿ ಬೆರೆಸಿದರು. ಅವಳು ಜಾಗ ತೋರಿಸಿದಳು, ಅವನು ಚಿಮುಕಿಸಿದ. ಮೂರು ಸಲ ಕೆಟ್ಟಿತು, ಮೂರು ಸಲವೂ ಕೆರೆದು ತೆಗೆದರು. ನಾಲ್ಕನೆಯ ಸಲ ಅವಳ ಮೂಗಿನ ತುದಿಗೂ ಒಂದು ಹನಿ ಕೆಸರು ಹಾರಿ ಕೂತಿತು.

"ಮೂಗಿನ ಮೇಲೆ ಕೆಸರಿದೆ."

"ನಿಜವಾಗ್ಲೂ?"

"ಸುಳ್ಳು ಹೇಳಬಾರದು ಅಂದಿದ್ದೀರಲ್ಲ."

ಅವಳು ಒರೆಸಿಕೊಳ್ಳಲಿಲ್ಲ. ಮುಖ ಸ್ವಲ್ಪ ಮುಂದೆ ಚಾಚಿ ಕಣ್ಣು ಮುಚ್ಚಿದಳು. ಮಧುಸೂದನ ಕರವಸ್ತ್ರದ ತುದಿಯಿಂದ, ಜಗತ್ತಿನ ಅತಿ ಸಣ್ಣ ಕೊಂಡಿಯನ್ನು ಎತ್ತುವವನ ಹಾಗೆ ಉಸಿರು ಹಿಡಿದು, ಒರೆಸಿದ.

*

ವರ್ಷದ ತಿಥಿಯ ದಿನ ವೆಂಕಟರಾಯಪ್ಪನವರ ಫೋಟೋದ ಮುಂದೆ ಎಡೆ ಹಾಕಿದರು. ಬಾಳೆಲೆಯ ಮೇಲೆ ಅವರಿಗಿಷ್ಟವಾದ ಹುರುಳಿ ಸಾರು, ಮುದ್ದೆ, ಒಬ್ಬಟ್ಟು, ಪಕ್ಕದಲ್ಲಿ ಮಡಿಪಂಚೆ, ಅದರ ಪಕ್ಕದಲ್ಲಿ ಟ್ಯಾಂಕು, ಎಡಕ್ಕೆ ಕೆಸರು ಹೊತ್ತು, ಬಲಕ್ಕೆ ಧೂಳು ಹೊದ್ದು. ನೆಂಟರೆಲ್ಲ ಬಗ್ಗಿ ಬಗ್ಗಿ ನೋಡಿ, "ಥೇಟ್ ಥೇಟ್!" ಎಂದರು.

ಅವರು ಊಟಕ್ಕೆ ಎದ್ದುಹೋದ ಮೇಲೆ ಶಿರೀಷಾ ಅವನ ಪಕ್ಕ ಬಂದು ನಿಂತಳು. ಕಣ್ಣು ಟ್ಯಾಂಕಿನ ಮೇಲೆಯೇ ಇತ್ತು.

"ಒಂದು ಕೇಳ್ತೀನಿ. ಅಪ್ಪ ಮಾಡಿದ್ದ ಹಾಗೇ ಇದೆಯಾ?"

ಹೌದೆನ್ನುವುದು ಬಹಳ ಸುಲಭವಾಗಿತ್ತು. ಎಲ್ಲರೂ ಹಾಗೇ ಹೇಳಿದ್ದರು. ಅವಳ ರೆಪ್ಪೆ ಆಗಲೇ ಒದ್ದೆಯಾಗಿತ್ತು. ತಿಥಿಯ ದಿನ ಬೇರೆ. ಮಧುಸೂದನ ಬಗ್ಗಿ ಟ್ಯಾಂಕಿನ ಎಡಬದಿಯನ್ನು ಇನ್ನೊಮ್ಮೆ ನೋಡಿದ.

"ಇಲ್ಲ," ಎಂದ. "ಅವರದು ಇದಕ್ಕಿಂತ ಚೆನ್ನಾಗಿತ್ತು. ಒಣಗಿದ ಕೆಸರು ಬಿರುಕು ಬಿಡೋದನ್ನ ಅವರು ಬರೆದಿದ್ರು. ಅದು ನನ್ನ ಕೈಗೆ ಬರಲಿಲ್ಲ. ಬರುತ್ತೆ ಅಂತಲೂ ಅನ್ನಿಸಲ್ಲ."

ಅವಳು ಅವನತ್ತ ತಿರುಗಿದಳು. ಕಣ್ಣೀರು ಇಳಿಯಿತು, ಅದರ ಹಿಂದೆಯೇ, ತುಟಿಯ ಪಕ್ಕದ ಮಚ್ಚೆ ಮೆಲ್ಲಗೆ ಮೇಲೇರಿತು.

"ನನಗೂ ಹಾಗೇ ಅನ್ನಿಸ್ತು. ಫೋಟೋ ನೋಡಿದ್ದೀನಲ್ಲ," ಎಂದಳು. "ಹೌದು ಅಂದಿದ್ರೆ ಇವತ್ತು ಊಟ ಹಾಕಿ, ನಮಸ್ಕಾರ ಹೇಳಿ ಕಳಿಸಿಬಿಡ್ತಿದ್ದೆ."

"ಈಗ?"

"ಈಗ ಅಮ್ಮನ ಹತ್ರ ಮಾತಾಡಿ. ವರ್ಷ ತುಂಬಿತಲ್ಲ." ಕಿವಿಯವರೆಗೆ ಕೆಂಪಾಗಿ ಅಷ್ಟೇ ಮೆಲ್ಲಗೆ ಸೇರಿಸಿದಳು, "ಸಾರ್ ಅನ್ನೋದನ್ನ ಬಿಡೋಕೆ ನನಗೂ ಸ್ವಲ್ಪ ದಿನ ಬೇಕು."

ಅಡುಗೆಮನೆಯ ಬಾಗಿಲಲ್ಲಿ ರಾಮಲಕ್ಷ್ಮಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ನನ್ನ ಹತ್ರ ಮಾತಾಡೋದೇನಿದೆ ಮಕ್ಕಳೇ," ಎಂದರು, ಸೆರಗಿನ ತುದಿ ಕಣ್ಣಿಗೊತ್ತಿಕೊಂಡು. "ಮೊದಲು ಇಬ್ರೂ ಅವರಿಗೆ ಕೈಮುಗೀರಿ."

ಇಬ್ಬರೂ ಫೋಟೋದ ಮುಂದೆ ಬಗ್ಗಿ ನೆಲಕ್ಕೆ ಹಣೆ ಮುಟ್ಟಿಸಿದರು. ಸುಣ್ಣ ಬಳಿದ ಗೋಡೆಯ ಮೇಲೆ ದೀಪದ ಬೆಳಕು ಅಲುಗಾಡದೆ ನಿಂತಿತ್ತು. ಮಧುಸೂದನ ಕಣ್ಣು ಮುಚ್ಚಿ ಮನಸ್ಸಿನೊಳಗೇ ಹೇಳಿಕೊಂಡ:

ಸ್ವಾಮಿ ವೆಂಕಟರಮಣ, ಈ ಜೀವ ಬಹಳ ದೂರ ನಡೆದು ದಣಿದಿದೆ. ಇವರಿಂದ ತಪ್ಪಾಗಿದ್ದರೆ ಮನ್ನಿಸು. ಬಿಟ್ಟುಹೋದ ಮನೆಯ ಚಿಂತೆ ಇವರನ್ನು ಹಿಂದಕ್ಕೆ ಎಳೆಯದಿರಲಿ. ಅದನ್ನು ನಾವು ನೋಡಿಕೊಳ್ಳುತ್ತೇವೆ. ನಿನ್ನ ಪಾದದ ನೆರಳಿನಲ್ಲಿ ಇವರಿಗೆ ಜಾಗ ಕೊಡು. ಶಾಂತಿ ಕೊಡು.