ಮುಳುಗಿದ ಕಲ್ಲು ಮೇಲೆ ಬಂತು

“ಆ ಬಾಣ ಅಳಿಸ್‌ಬುಡೋಣ ಕಣೇ,” ಅಂದ ಸಿದ್ದಾರ್ಥ್. ಅವನ ಕೈಯಲ್ಲಿ ಆಗಲೇ ವೈಟ್ನರ್ ಪೆನ್ನಿತ್ತು.

“ಮುಟ್ಟು ನೋಡ್ತೀನಿ!” ಸುಷ್ಮಿತಾ ಚಾರ್ಟಿನ ಮೇಲೆ ಎರಡೂ ಅಂಗೈ ಊರಿ ಕುಳಿತಳು.

ಹೊನ್ನವಳ್ಳಿಯ ಶಾಲೆಯ ಜಗುಲಿ ಅದು. ಮಕ್ಕಳೆಲ್ಲ ಮನೆಗೆ ಹೋಗಿ ಇವರಿಬ್ಬರೇ ಉಳಿದಿದ್ದರು. ಬೆಳಗಾದರೆ ತಿಪಟೂರಿನಲ್ಲಿ ವಿಜ್ಞಾನ ಮೇಳ. ಇವರ ಪಾಲಿಗೆ ಬಂದ ವಿಷಯ ಚಂದ್ರನ ಕಲ್ಲುಗಳು. ಚಾರ್ಟಿನ ತುಂಬ ಕಪ್ಪು ಆಕಾಶ, ನಡುವೆ ಅರ್ಧಕ್ಕೆ ಸೀಳಿದ ಚಂದ್ರ. ಹೊರಗೆ ಬಿಳಿ ಕಲ್ಲಿನ ಸಿಪ್ಪೆ, ಒಳಗೆ ಭಾರದ ಕಲ್ಲು. ಒಳಗಿನಿಂದ ಹೊರಕ್ಕೆ ಒಂದು ಕೆಂಪು ಬಾಣ. ಜಗಳವೆಲ್ಲ ಆ ಬಾಣದ್ದೇ.

ಹೋದ ವಾರ ಪುಷ್ಪಲತಾ ಮಿಸ್ ಪಾಠ ಮಾಡುವಾಗ ಶುರುವಾದದ್ದು ಇದು. ತುಂಬಾ ತುಂಬಾ ಹಿಂದೆ ಚಂದ್ರ ಹೊರಗೆಲ್ಲ ಕರಗಿದ ಕಲ್ಲಾಗಿತ್ತಂತೆ. ಕಲ್ಲಿನದೇ ಒಂದು ಕುದಿಯುವ ಸಮುದ್ರ. ಅದು ಆರುತ್ತಾ ಬಂದಾಗ ಹಗುರವಾದ ಬಿಳಿ ಕಲ್ಲು ಮೇಲೆ ತೇಲಿ ಸಿಪ್ಪೆಯಾಯಿತು. ಕಬ್ಬಿಣ ಜಾಸ್ತಿ ಇದ್ದ ಭಾರದ ಕಲ್ಲು ಕೆಳಗೆ ಮುಳುಗಿತು. ಎಷ್ಟೋ ಕಾಲದ ಮೇಲೆ, ಮುಳುಗಿದ್ದ ಆ ಕಲ್ಲು ಮತ್ತೆ ಕರಗಿ, ಲಾವಾ ಆಗಿ ಮೇಲೆ ಬಂದು, ದೊಡ್ಡ ದೊಡ್ಡ ಕುಳಿಗಳನ್ನು ತುಂಬಿ, ಕಪ್ಪು ಕಲ್ಲಾಗಿ ಗಟ್ಟಿಯಾಯಿತು.

“ಚಂದ್ರನಲ್ಲಿ ಮೊಲ ಐತೆ ಅಂತೀರಲ್ಲ, ಆ ಕಪ್ಪು ಇದೇನೇ,” ಅಂದಿದ್ದರು ಮಿಸ್.

ಸುಷ್ಮಿತಾ ಎದ್ದು ನಿಂತಿದ್ದಳು. “ಮಿಸ್, ಭಾರ ಅಂತ ತಾನೇ ಮುಳುಗಿದ್ದು? ಮತ್ಯಾಕೆ ಮೇಲೆ ಬಂತು?”

“ಕೆಳಗೆ ಒಂದೇ ಇದ್ದು ಬೇಜಾರಾಯ್ತೇನೋ ಮಿಸ್!” ಅಂದಿದ್ದ ಸಿದ್ದಾರ್ಥ್. ಇಡೀ ಕ್ಲಾಸು ಗೊಳ್ಳೆಂದಿತು. ಸುಷ್ಮಿತಾಳ ಕಿವಿ ಎರಡೂ ಬಿಸಿಯಾದವು. ಅವತ್ತಿನಿಂದ ಅವಳ ಹೆಸರು ಮುಳುಗಮ್ಮ.

ಮಿಸ್ ಮಾತ್ರ ನಗಲಿಲ್ಲ. “ಚಂದ್ರನ ಒಳಗಡೆ ಕೆಲವು ಧಾತುಗಳು ತಮ್ಮಷ್ಟಕ್ಕೆ ತಾವೇ ಬಿಸಿ ಬಿಡ್ತಾ ಇರ್ತವೆ. ಆ ಬಿಸಿಗೆ ಕಲ್ಲು ಕರಗ್ತು. ಕರಗಿದ್ದು ಮೇಲೆ ಯಾಕೆ ಬಂತು ಅಂತ ನೀವಿಬ್ರೇ ಹುಡುಕಿ,” ಅಂದು, ಕೇಳಿದವಳನ್ನೂ ನಗಿಸಿದವನನ್ನೂ ಒಂದೇ ಜೋಡಿ ಮಾಡಿಬಿಟ್ಟರು.

“ನಾಳೆ ಮೇಳದಲ್ಲಿ ಜಡ್ಜ್ ಕೇಳಿದ್ರೆ ಏನಂತೀಯ?” ಜಗುಲಿಯಲ್ಲಿ ಸಿದ್ದಾರ್ಥ್ ಇನ್ನೂ ಬಿಟ್ಟಿರಲಿಲ್ಲ.

“ಗೊತ್ತಿಲ್ಲ ಅಂತೀನಿ.”

“ಹಂಗಂದ್ರೆ ಮಾರ್ಕ್ಸ್ ಹೋಯ್ತು. ಬಾಣಾನೇ ಇಲ್ದಿದ್ರೆ ಯಾರೂ ಕೇಳಲ್ಲ.”

“ಬೆಳಿಗ್ಗೆ ತನಕ ಟೈಮ್ ಕೊಡೋ.”

“ಸರಿ. ಬಸ್ ಸ್ಟ್ಯಾಂಡಿಗೆ ಬರೋ ಹೊತ್ಗೆ ಉತ್ತರ ಇರ್ಬೇಕು. ಇಲ್ಲಾಂದ್ರೆ ಅಳಿಸೋದೇ, ಮುಳುಗಮ್ಮ.”

ಬೆಳಿಗ್ಗೆ ಎದ್ದರೆ ತೋಟದ ತುಂಬ ಮಂಜು. ತೆಂಗಿನ ಮರಗಳ ಸುಳಿಯೇ ಕಾಣುತ್ತಿರಲಿಲ್ಲ. ಸುಷ್ಮಿತಾ ಜಡೆ ಬಿಚ್ಚಿಕೊಂಡು ಬಚ್ಚಲ ಹಂಡೆಯ ಪಕ್ಕ ಕುಳಿತಳು. ಉತ್ತರ ಹೊಳೆದಿರಲಿಲ್ಲ.

ಅಜ್ಜಿ ಪುಟ್ಟಗೌರಮ್ಮ ಎಣ್ಣೆ ಬಾಟಲಿ ತಂದರು. ಮನೆಯ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ ನಿನ್ನೆ ತಾನೇ ತಂದು ತುಂಬಿಸಿಟ್ಟ ಎಣ್ಣೆ. ರಾತ್ರಿಯ ಚಳಿಗೆ ಗಟ್ಟಿಯಾಗಿ ಬೆಳ್ಳಗೆ ಮೇಣದ ಹಾಗೆ ಕುಳಿತಿತ್ತು.

“ಅಜ್ಜೀ, ನಿನ್ನೆ ಕತ್ತಿನ ತನಕ ತುಂಬಿಸಿದ್ದೆ. ಈಗ ನೋಡು, ನಡುವೆ ಕುಳಿ ಬಿದ್ದೈತೆ. ಯಾರೋ ತೆಗೆದವ್ರೆ.”

“ಯಾರ್ ತೆಗೀತಾರೆ, ಬುಡು. ಹೆಪ್ಪುಗಟ್ಟಿದ್ರೆ ಕುಗ್ತದೆ. ಕರಗಿದ್ರೆ ಮತ್ತೆ ಮೇಲಕ್ಕೆ ಬತ್ತದೆ.”

ಅಜ್ಜಿ ಚೊಂಬಿಗೆ ಹಂಡೆಯ ಬಿಸಿನೀರು ತೋಡಿಕೊಂಡು ಅದರೊಳಗೆ ಬಾಟಲಿ ಇಟ್ಟರು. ಬಾಟಲಿಯ ತಳ ಮಾತ್ರ ನೀರಿನಲ್ಲಿ ಮುಳುಗಿತು. ಆಮೇಲೆ ಬಾಚಣಿಗೆ ಹಿಡಿದು ಮೊಮ್ಮಗಳ ಸಿಕ್ಕು ಬಿಡಿಸಲು ಕುಳಿತರು.

ಸುಷ್ಮಿತಾಳಿಗೆ ನೋಡಲು ಬೇರೆ ಏನೂ ಇರಲಿಲ್ಲ. ಬಾಟಲಿಯನ್ನೇ ನೋಡಿದಳು. ತಳದ ಬಿಳಿ ತಿಳಿಯಾಯಿತು. ಅಲ್ಲಿಂದ ಗಾಜಿನ ಪಕ್ಕಕ್ಕೆ ಅಂಟಿಕೊಂಡು ಎಣ್ಣೆಯ ಒಂದು ಎಳೆ ಮೇಲಕ್ಕೆ ಹತ್ತತೊಡಗಿತು. ಇರುವೆ ಹತ್ತಿದ ಹಾಗೆ, ನಿಧಾನಕ್ಕೆ. ನೋಡನೋಡುತ್ತಲೇ ಮೇಲಿನ ಕುಳಿಯಲ್ಲಿ ಎಣ್ಣೆ ಮಿನುಗಿತು. ಬಿಳಿಯ ಗಟ್ಟಿ ಉಂಡೆ ಮೆಲ್ಲಗೆ ಕೆಳಗೆ ಜಾರಿತು. ಕುಳಿ ತುಂಬುತ್ತಾ ಬಂತು.

“ಅಜ್ಜೀ! ಮೇಲ್ಗಡೆ ಬಿಸಿ ತಾಕೇ ಇಲ್ಲ! ಎಣ್ಣೆ ಕೆಳಗಿಂದ ಬಂದು ಕುಳಿ ತುಂಬ್ತಾ ಐತೆ!”

“ಅಲುಗಾಡ್‌ಬ್ಯಾಡ ಕಣೇ. ಬೈತಲೆ ಸೊಟ್ಟಗಾಯ್ತದೆ.”

ಬೈತಲೆ ಸೊಟ್ಟಗೇ ಆಯಿತು. ಸುಷ್ಮಿತಾ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಅದೇ ಎಣ್ಣೆ. ಗಟ್ಟಿಯಾದರೆ ಕುಗ್ಗಿ ಕಮ್ಮಿ ಜಾಗದಲ್ಲಿ ಒತ್ತೊತ್ತಾಗಿ ಕೂರುತ್ತದೆ, ಅದಕ್ಕೇ ಭಾರ. ಕರಗಿದರೆ ಸಡಿಲವಾಗಿ ಹರಡಿಕೊಳ್ಳುತ್ತದೆ, ಅದಕ್ಕೇ ಹಗುರ. ಹಗುರವಾದ ಮೇಲೆ ಕೆಳಗಿರಲು ಆಗುವುದಿಲ್ಲ, ಸಂದಿ ಸಿಕ್ಕಿದ ಕಡೆ ಮೇಲೆ ಹತ್ತುತ್ತದೆ. ಚಂದ್ರನ ಕಲ್ಲೂ ಹೀಗೇ ಮಾಡಿರಬಹುದಲ್ಲ?

“ಅಜ್ಜೀ, ಗಟ್ಟಿ ಇರೋ ಇನ್ನೊಂದು ಬಾಟ್ಲಿ ತಗೊಂಡೋಗ್ಲಾ? ಮೇಳಕ್ಕೆ?”

“ತಲೆಗೆ ಹಚ್ಚೋ ಎಣ್ಣೆ ಮೇಳಕ್ಕಾ! ತಗೊಂಡೋಗು, ಒಡೆದೀಯ ಜೋಪಾನ.”

ಬಸ್ ಸ್ಟ್ಯಾಂಡಿನಲ್ಲಿ ಸಿದ್ದಾರ್ಥ್ ಎಲ್ಲ ಕೇಳಿಸಿಕೊಂಡು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. “ನಾನು ನೋಡಿಲ್ವಲ್ಲ. ನೋಡಿದ್ರೆ ನಂಬ್ತೀನಿ.”

“ಬಿಸಿನೀರು ಅಲ್ಲೇ ಟೀ ಅಂಗಡೀಲಿ ಸಿಗ್ತದೆ. ಜಡ್ಜ್ ಮುಂದೇನೇ ತೋರಿಸ್ತೀನಿ.”

ವೈಟ್ನರ್ ಅವನ ಜೇಬಿಗೆ ಹೋಯಿತು. ಮಿಸ್ ಇಬ್ಬರಿಗೂ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟರು. ಮಂಜು ಕರಗಿತು, ಬಿಸಿಲು ಬಂತು. ಬಿಸಿಲು ಬಾಟಲಿ ಇದ್ದ ಚೀಲದ ಮೇಲೂ ಬಂತು. ಚಳಿಗಾಲದ ಎಣ್ಣೆ ಬಿಸಿಲೇರಿದರೆ ಕರಗುತ್ತದೆ ಅನ್ನುವುದು ನಮ್ಮ ತೆಂಗಿನ ಸೀಮೆಯಲ್ಲಿ ಜಡೆ ಹಾಕಿಸಿಕೊಳ್ಳುವ ಪ್ರತಿ ಹುಡುಗಿಗೂ ಗೊತ್ತು. ಸುಷ್ಮಿತಾಳಿಗೂ ಗೊತ್ತಿತ್ತು. ಆದರೆ ಅವಳ ತಲೆ ತುಂಬ ಚಂದ್ರನೇ ಇದ್ದ. ಎಣ್ಣೆಯ ನೆನಪಾಗಲಿಲ್ಲ.

ಮೇಳದಲ್ಲಿ ಚೀಲ ತೆರೆದಾಗ ಬಾಟಲಿಯಲ್ಲಿ ಬಿಳಿಯ ಒಂದು ಚೂರೂ ಉಳಿದಿರಲಿಲ್ಲ.

“ಮುಗೀತು,” ಅಂದ ಸಿದ್ದಾರ್ಥ್. ಅವನ ಕೈ ಜೇಬಿಗೆ ಹೋಯಿತು. “ಈಗ್ಲಾದ್ರೂ ಅಳಿಸ್ಲಾ?”

ಸುಷ್ಮಿತಾ ಬಾಣವನ್ನು ನೋಡಿದಳು. “ಬ್ಯಾಡ,” ಅಂದಳು.

ಅಷ್ಟರಲ್ಲಿ ಜಡ್ಜ್ ಬಂದೇಬಿಟ್ಟರು. ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಡುವ ಸೂರ್ಯಪ್ರಕಾಶ್ ಸರ್. ಅವರ ಬೆರಳು ನೇರ ಬಾಣದ ಮೇಲೇ ಹೋಗಿ ನಿಂತಿತು.

“ಭಾರದ ಕಲ್ಲು ಕೆಳಗೆ ಅಂತ ಬರೆದಿದ್ದೀರ. ಮತ್ತೆ ಇದು ಮೇಲೆ ಹೋಗ್ತಿದೆಯಲ್ಲಮ್ಮ?”

ಸುಷ್ಮಿತಾ ಚೊಂಬು, ಬಿಸಿನೀರು, ಕುಳಿ ಎಲ್ಲ ಹೇಳಿದಳು. ಮೊದಲು ದನಿ ನಡುಗಿತು. ಎಣ್ಣೆಯ ಎಳೆ ಹತ್ತಿದ್ದು ಹೇಳುವಾಗ ನಡುಕ ತಾನೇ ನಿಂತುಹೋಯಿತು.

“ಹಾಗಾದ್ರೆ ಮುಳುಗಿದ್ದೆಲ್ಲಾ ಮೇಲೆ ಬಂತಾ?”

“ಇಲ್ಲ ಸರ್. ಕರಗಿದ್ದಷ್ಟೇ. ಮಿಕ್ಕಿದ್ದು ಇನ್ನೂ ಒಳಗೇ ಐತೆ.”

“ಎಲ್ಲಿ, ಆ ಎಣ್ಣೆ ತೋರಿಸು.”

ಅವಳು ಬಾಟಲಿ ಎತ್ತಿದಳು. ಎಣ್ಣೆ ತಿಳಿನೀರಿನ ಹಾಗೆ ತುಳುಕಿತು. “ಬೆಳಿಗ್ಗೆ ಗಟ್ಟಿ ಇತ್ತು ಸರ್…”

ಸರ್ ಮುಗುಳ್ನಕ್ಕು, ಏನೋ ಗುರುತು ಹಾಕಿಕೊಂಡು ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಮಣ್ಣಿನ ಜ್ವಾಲಾಮುಖಿಯೊಂದು ಕೆಂಪು ನೊರೆ ಉಕ್ಕಿಸುತ್ತಿತ್ತು. ಮೇಳದ ಅರ್ಧ ಜನ ಅದರ ಸುತ್ತಲೇ ಇದ್ದರು.

ಸುಷ್ಮಿತಾ ತಲೆ ತಗ್ಗಿಸಿ ಕುಳಿತಳು. ತಲೆ ಎತ್ತಿದಾಗ ಸಿದ್ದಾರ್ಥ್ ಪಕ್ಕದಲ್ಲಿರಲಿಲ್ಲ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಓಡಿಬಂದ. ಅವನ ಟಿಫನ್ ಬಾಕ್ಸ್ ತುಂಬ ಐಸು.

“ಜ್ಯೂಸ್ ಅಂಗಡಿಯವ್ರು ಕೊಟ್ರು. ಬಾಟ್ಲಿ ಇಡು ಇದ್ರೊಳಗೆ.”

“ಜಡ್ಜ್ ಹೋಗಾಯ್ತು ಕಣೋ.”

“ಹೋಗ್ಲಿ ಬುಡೇ. ನಾನಿನ್ನೂ ನೋಡಿಲ್ವಲ್ಲ.”

ಇಬ್ಬರೂ ಟೇಬಲ್ಲಿನ ಮೇಲೆ ಗದ್ದ ಊರಿ ಕಾದರು. ಎಣ್ಣೆ ಮಬ್ಬಾಯಿತು. ಅದರೊಳಗೆ ಎಲ್ಲಿಂದಲೋ ಸಣ್ಣ ಸಣ್ಣ ಬಿಳಿ ಹಳುಕು ಹುಟ್ಟಿದವು. ಹುಟ್ಟಿದವು ಹಾಗೇ ನಿಧಾನಕ್ಕೆ ಕೆಳಗಿಳಿದವು.

“ಮುಳುಗ್ತಾ ಐತೆ!” ಸಿದ್ದಾರ್ಥ್ ಪಿಸುಗುಟ್ಟಿದ.

ಸುಷ್ಮಿತಾಳಿಗೆ ಮೈ ಜುಮ್ಮೆಂದಿತು. ಬೆಳಿಗ್ಗೆ ಅವಳು ನೋಡಿದ್ದು ಕತೆಯ ಎರಡನೇ ಅರ್ಧ. ಈಗ ಮೊದಲನೇ ಅರ್ಧ ಕಣ್ಣ ಮುಂದೆ ನಡೆಯುತ್ತಿತ್ತು. ಕರಗಿದ ಸಮುದ್ರ ಆರುತ್ತಿದೆ, ಗಟ್ಟಿಯಾದದ್ದು ತಳ ಸೇರುತ್ತಿದೆ.

ಎಣ್ಣೆ ಪೂರ್ತಿ ಬೆಳ್ಳಗಾದ ಮೇಲೆ ಟೀ ಅಂಗಡಿಯಿಂದ ಬಿಸಿನೀರು ತಂದರು. ಎಳೆ ಮತ್ತೆ ಹತ್ತಿತು, ಕುಳಿ ಮತ್ತೆ ತುಂಬಿತು. ಸಿದ್ದಾರ್ಥ್ ಬಾಯಿ ತೆರೆದುಕೊಂಡು ನೋಡಿದ. ಪುಷ್ಪಲತಾ ಮಿಸ್ ಕೂಡ ಹಿಂದೆ ನಿಂತು ನೋಡುತ್ತಿದ್ದದ್ದು ಇಬ್ಬರಿಗೂ ತಿಳಿಯಲೇ ಇಲ್ಲ.

ಬಹುಮಾನ ಕೆಂಪು ನೊರೆಯ ಜ್ವಾಲಾಮುಖಿಗೆ ಹೋಯಿತು.

ಸಂಜೆ ಬಸ್ಸಿಗೆ ಕಾಯುತ್ತಾ ನಿಂತಾಗ ನೆತ್ತಿಯ ಮೇಲೆ ಅರ್ಧ ಚಂದ್ರ ಬಂದಿದ್ದ. ಅವನ ಮೈಮೇಲಿನ ಕಪ್ಪು ಕಲೆಗಳು ಚೆನ್ನಾಗಿ ಕಾಣುತ್ತಿದ್ದವು.

“ಸುಷ್ಮಿತಾ,” ಅಂದ ಸಿದ್ದಾರ್ಥ್. ಮುಳುಗಮ್ಮ ಅನ್ನಲಿಲ್ಲ. “ಎಣ್ಣೇಲಿ ಗಟ್ಟಿಯಾದದ್ದೆಲ್ಲ ಮುಳುಗ್ತು. ಚಂದ್ರನಲ್ಲಿ ಆ ಬಿಳಿ ಕಲ್ಲು ಮಾತ್ರ ಗಟ್ಟಿಯಾದ್ರೂ ಯಾಕೆ ತೇಲ್ತು?”

ಕೇಳಿದವನೇ ಯಾರಾದರೂ ಕೇಳಿಸಿಕೊಂಡರೇನೋ ಅಂತ ಥಟ್ಟನೆ ಅತ್ತಿತ್ತ ನೋಡಿದ.

‘ಅದಕ್ಕೂ ಬೇಜಾರಾಯ್ತೇನೋ’ ಅನ್ನುವ ಮಾತು ಸುಷ್ಮಿತಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಕಿವಿ ಕಂಡಿತು. ಎರಡೂ ಕೆಂಪಗಾಗಿದ್ದವು.

“ನಂಗೂ ಗೊತ್ತಿಲ್ಲ ಕಣೋ,” ಅಂದಳು. “ಚಾರ್ಟ್ ಬಿಚ್ಚು. ಪೆನ್ನು ಎಲ್ಲಿ?”

ಸಿದ್ದಾರ್ಥ್ ಜೇಬಿನಿಂದ ವೈಟ್ನರ್ ತೆಗೆದ. ಬಿಳಿ ಸಿಪ್ಪೆಯ ಪಕ್ಕದ ಕಪ್ಪು ಆಕಾಶದಲ್ಲಿ ದೊಡ್ಡದೊಂದು ಪ್ರಶ್ನೆ ಗುರುತು ಹಾಕಿದ.

ಬಸ್ ಬಂತು. ಇಬ್ಬರೂ ಚಾರ್ಟನ್ನು ಸುತ್ತದೆ, ಆಚೆ ತುದಿ ಒಬ್ಬರು ಈಚೆ ತುದಿ ಒಬ್ಬರು ಹಿಡಿದುಕೊಂಡೇ ಹತ್ತಿದರು. ವೈಟ್ನರ್ ಇನ್ನೂ ಒಣಗಬೇಕಿತ್ತು.